ಗೊಣಗಜ್ಜಿ ಮೆಟ್ಟಿಲಿನ ಜಗಳ

ಜಗಳ ಆಡಬೇಕಾದರೆ ಎದುರಿಗೊಂದು ಮುಖ ಬೇಕು, ಕೈಯಲ್ಲೊಂದು ಪೊರಕೆ ಬೇಕು ಅಂತ ಜನ ನಂಬಿದ್ದ ಕಾಲ ಒಂದಿತ್ತು. ಆ ಕಾಲಕ್ಕೆ ದರ್ಜಿಯಮ್ಮ ಮಂಗಳ ಹಾಡಿಬಿಟ್ಟಳು. ಹೊಲಿಗೆ ಮಿಷನ್ನಿನ ಮುಂದೆ ಕೂತು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಒಂದು ಮಾತೂ ಹೊರಗೆ ಬೀಳದ ಹಾಗೆ, ಮುಖ ನೋಡದವನ ಜೊತೆ ಅವಳು ಆಡಿದ ಜಗಳ ಇದೆಯಲ್ಲ, ಬೀದಿ ನಲ್ಲಿಯ ನೀರಿನ ಜಗಳಗಳೆಲ್ಲ ಸಾಲಾಗಿ ಬಂದು ಅದರ ಕಾಲಿಗೆ ಬೀಳಬೇಕು.

ಜಗಳ ನಡೆದದ್ದು ಫೋನಿನೊಳಗಿನ ವಿಶ್ವಕೋಶದಲ್ಲಿ. ಇರುವೆಯಿಂದ ಆನೆವರೆಗೆ, ಉಪ್ಪಿನಿಂದ ಉಲ್ಕೆವರೆಗೆ ಲೋಕದಲ್ಲಿರೋ ಎಲ್ಲದಕ್ಕೂ ಅದರಲ್ಲಿ ಒಂದೊಂದು ಪುಟ. ಬರೆಯೋರಿಗೆ ಸಂಬಳ ಇಲ್ಲ, ಸನ್ಮಾನ ಇಲ್ಲ, ಒಂದು ಲೋಟ ಟೀ ಕೂಡ ಇಲ್ಲ. ಯಾರು ಬೇಕಾದರೂ ಬರೀಬಹುದು, ಬರೆದದ್ದನ್ನ ಇನ್ಯಾರು ಬೇಕಾದರೂ ತಿದ್ದಬಹುದು.

"ಹಾಗಾದ್ರೆ ಅದು ಪುಸ್ತಕ ಹೆಂಗಾಯ್ತೇ? ಸಂತೆ ಆಗ್ಬೇಕಿತ್ತಲ್ಲ" ಅಂತ ದರ್ಜಿಯಮ್ಮನ ತಾಯಿ ಒಂದು ದಿನ ಕೇಳಿದ್ದಳು. ಆ ಮುದುಕಿ ಮಗಳ ಅಂಗಡಿಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಗುಂಡಿ ಹಚ್ಚುತ್ತಾ ಕೂರೋಳು. ಕೈ ನಿಧಾನ, ನಾಲಿಗೆ ಮಾತ್ರ ಮಿಷನ್ನಿಗಿಂತ ಜೋರು.

"ಅದಕ್ಕೂ ರೀತಿ ನೀತಿ ಇದೆ ಕಣಮ್ಮ. ಹೇಳಿದ ಮಾತಿಗೆ ಪುರಾವೆ ಕೊಡ್ಬೇಕು, ಅಚ್ಚಾಗಿರೋದು ತೋರಿಸ್ಬೇಕು. ಒಪ್ಪದಿದ್ರೆ ಚರ್ಚೆ ಪುಟದಲ್ಲಿ ಮಾತಾಡ್ಬೇಕು. ಬೈಯೋ ಹಾಗಿಲ್ಲ."

"ಬೈಯದೆ ಜಗಳಾನಾ?" ಅಂದಳು ಮುದುಕಿ. "ಉಪ್ಪಿಲ್ಲದ ಸಾರು."

ದರ್ಜಿಯಮ್ಮ ಅಲ್ಲಿ ಸೂಜಿಮೊನೆ ಅಂತ ಹೆಸರಿಟ್ಟುಕೊಂಡಿದ್ದಳು. ಬಟ್ಟೆಗಳ ಬಗ್ಗೆ, ನೂಲಿನ ಬಗ್ಗೆ, ಹೊಲಿಗೆಗಳ ಬಗ್ಗೆ ಪುಟ ಬರೆದು ಬರೆದು ಕೈ ಪಳಗಿಸಿಕೊಂಡ ಮೇಲೆ, ತನ್ನ ಅಂಗಡಿ ಬಾಗಿಲಿಗೆ ಎದುರೇ ಇದ್ದ ಮೆಟ್ಟಿಲಿನ ಬಗ್ಗೆ ಒಂದು ಪುಟ ಬರೆದಳು. ಎಡವಟ್ಟಾಗಿದ್ದು ಅಲ್ಲೇ.

ಆ ಮೆಟ್ಟಿಲು ಅಂದರೆ ಸಾಮಾನ್ಯ ಮೆಟ್ಟಿಲಲ್ಲ. ಕೆಳಗಿನ ಬಸ್ ಸ್ಟಾಪಿನಿಂದ ಮೇಲಿನ ಆಸ್ಪತ್ರೆವರೆಗೆ, ಆಕಾಶಕ್ಕೆ ಏಣಿ ಹಾಕಿದ ಹಾಗೆ ಹೋಗುತ್ತೆ. ಹತ್ತೋಕೆ ಶುರು ಮಾಡಿದಾಗ ಹುಡುಗ ಆಗಿದ್ದವನು ಮೇಲೆ ಮುಟ್ಟೋ ಹೊತ್ತಿಗೆ ಮೊಮ್ಮಕ್ಕಳ ಮದುವೆ ಮಾತಾಡ್ತಿರ್ತಾನೆ. ಅದರ ನಟ್ಟನಡುವೆ, ಸ್ವಲ್ಪ ಅಗಲವಾಗಿರೋ ಕಟ್ಟೆ ಮೇಲೆ, ಹಿಂದೆ ಒಬ್ಬ ಅಜ್ಜಿ ನೀರಿನ ಕೊಡ ಇಟ್ಟುಕೊಂಡು ಕೂರೋಳು. ಏದುಸಿರು ಬಿಡುತ್ತಾ ಬಂದವರಿಗೆಲ್ಲ ನೀರು ಕೊಡೋಳು, ಕೊಡುತ್ತಾ ಗೊಣಗೋಳು. "ಓಡಿ ಬಂದ್ಯಲ್ಲ, ಮೇಲೇನು ನಿಧಿ ಹಂಚ್ತಿದ್ದಾರಾ? ಕೂತ್ಕೋ. ನಿಧಾನ ಕುಡಿ. ಬಟ್ಟೆ ಮೇಲೆ ಚೆಲ್ಕೋಬೇಡ." ಮೇಯರ್ ಬಂದರೂ ಅದೇ ಮಾತು, ಮೀನು ಮಾರೋನು ಬಂದರೂ ಅದೇ ಮಾತು. ಊರಿನ ಅರ್ಧ ಜನ ಬಾಯಾರಿಕೆಗೆ ಹೋಗ್ತಿದ್ದರು, ಇನ್ನರ್ಧ ಬೈಸಿಕೊಳ್ಳೋಕೆ ಹೋಗ್ತಿದ್ದರು. ಹಾಗೆ ಅದು ಗೊಣಗಜ್ಜಿ ಮೆಟ್ಟಿಲಾಯ್ತು.

ಆ ಅಜ್ಜಿ ದರ್ಜಿಯಮ್ಮನ ತಾಯಿಯ ತಾಯಿ.

ಆಮೇಲೆ ನಗರಸಭೆಯವರು ಮೆಟ್ಟಿಲು ರಿಪೇರಿ ಮಾಡಿದರು. ಕೊಡ ಇಡ್ತಿದ್ದ ಕಲ್ಲು ಕಿತ್ತು ಅಲ್ಲಿ ಕಬ್ಬಿಣದ ಕಂಬಿ ಹಾಕಿದರು, ಎರಡೂ ತುದಿಯಲ್ಲಿ ಬೋರ್ಡು ನೆಟ್ಟರು: ಉತ್ತರ ಸಂಪರ್ಕ ಸೋಪಾನ ಮಾರ್ಗ. ಆ ಹೆಸರು ಹೇಳಿ ಮುಗಿಸೋಷ್ಟರಲ್ಲಿ ಮೆಟ್ಟಿಲು ಹತ್ತಿ, ಇಳಿದು, ಮನೆಗೆ ಹೋಗಿ ಒಂದು ನಿದ್ದೆ ತೆಗೀಬಹುದು. ಅಜ್ಜಿದು ಒಂದು ಫೋಟೋ ಇಲ್ಲ, ಒಂದು ಬಳೆ ಇಲ್ಲ. ಉಳಿದಿರೋದು ಜನರ ಬಾಯಲ್ಲಿರೋ ಆ ಹೆಸರೊಂದೇ. ಅದನ್ನಾದರೂ ಉಳಿಸೋಣ ಅಂತ ದರ್ಜಿಯಮ್ಮ ಪುಟದ ತಲೆಬರಹಕ್ಕೆ ಗೊಣಗಜ್ಜಿ ಮೆಟ್ಟಿಲು ಅಂತ ಇಟ್ಟಳು. ಕದ್ದು ಮುಚ್ಚಿ ಇಡಲಿಲ್ಲ. ಚರ್ಚೆ ಪುಟದಲ್ಲಿ ಮೊದಲೇ ಹೇಳಿದಳು: "ಈ ಅಜ್ಜಿ ನನ್ನ ಸ್ವಂತ ಅಜ್ಜಿ. ಮೆಟ್ಟಿಲ ಬುಡದಲ್ಲೇ ನನ್ನ ಹೊಲಿಗೆ ಅಂಗಡಿ."

ಮಾರನೇ ದಿನ ಕಾಲರ್ ಕತ್ತರಿಸ್ತಾ ಫೋನು ನೋಡ್ತಾಳೆ, ತಲೆಬರಹ ಬದಲಾಗಿದೆ. ಉತ್ತರ ಸಂಪರ್ಕ ಸೋಪಾನ ಮಾರ್ಗ. ಬದಲಾಯಿಸಿದವನ ಹೆಸರು ಅಳತೆಕೋಲು.

ಇವಳು ಹಿಂದಕ್ಕೆ ಹಾಕಿದಳು. ಅವನು ಮತ್ತೆ ಬದಲಾಯಿಸಿದ. ಇವಳು ಮತ್ತೆ ಹಾಕಿದಳು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಈ ಗಲಾಟೆಯಲ್ಲಿ ಯಾರದೋ ಮದುವೆ ಕೋಟಿಗೆ ಎರಡೂ ಎಡಗೈ ತೋಳು ಕೂತವು.

ಚರ್ಚೆ ಪುಟದಲ್ಲಿ ಅಳತೆಕೋಲು ಬರೆದ: "ಅಧಿಕೃತ ಹೆಸರು ಬೋರ್ಡಿನ ಮೇಲಿದೆ. ಸೂಜಿಮೊನೆಯವರು ಅಜ್ಜಿಯ ಮೊಮ್ಮಗಳು. ಸ್ವಂತದವರ ಬಗ್ಗೆ ತಾವೇ ತೀರ್ಮಾನ ಮಾಡಬಾರದು ಅನ್ನೋದು ನಮ್ಮ ನಿಯಮ."

ಓದಿ ದರ್ಜಿಯಮ್ಮನ ಕಿವಿ ಇಸ್ತ್ರಿಪೆಟ್ಟಿಗೆ ಹಾಗೆ ಕಾದವು. ಮಾತು ಸುಳ್ಳಾಗಿದ್ದರೆ ಅಷ್ಟು ಉರಿ ಆಗ್ತಿರಲಿಲ್ಲ.

"ಏನಂತೆ ನಿನ್ನ ಕೋಲಣ್ಣ?" ಅಂದಳು ತಾಯಿ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾನೆ."

"ನಮ್ಮಮ್ಮ ಹೆಗ್ಗಣಾನಾ? ಕರ್ಕೊಂಡು ಬಾ ಅವನ್ನ."

ಇಂಥ ಹೊತ್ತಲ್ಲಿ ನಡುವೆ ಬರೋರು ತಕ್ಕಡಿ ಅನ್ನೋರು. ಗಂಡೋ ಹೆಣ್ಣೋ, ಯಾವ ದೇಶದಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಜಗಳ ಬಿಡಿಸೋದರಲ್ಲಿ ಹಳಬರು. ಅವರು ಬಂದು ಪುಟಕ್ಕೆ ಬೀಗ ಹಾಕಿದರು. ಇನ್ನು ಯಾರೂ ತಲೆಬರಹ ಮುಟ್ಟೋ ಹಾಗಿಲ್ಲ. ಆಮೇಲೆ ಆ ಬಳಗದ ಹಳೇ ಪದ್ಧತಿ ನೆನಪಿಸಿದರು.

"ಇಲ್ಲಿ ಕೈ ಎತ್ತಿಸಿ ಎಣಿಸೋದಿಲ್ಲ, ಕಾರಣ ತೂಗ್ತೀವಿ. ತೂಗೋಕೆ ಮುಂಚೆ ನೀವಿಬ್ಬರೂ ಅದಲು ಬದಲು ಆಗಬೇಕು. ಸೂಜಿಮೊನೆಯವರು ಅಳತೆಕೋಲಿನವರ ಪರ ಬರೀಲಿ. ಅಳತೆಕೋಲಿನವರು ಸೂಜಿಮೊನೆಯವರ ಪರ ಬರೀಲಿ. 'ಹೌದು, ಇದೇ ನನ್ನ ಮನಸ್ಸಲ್ಲಿದ್ದದ್ದು' ಅಂತ ಎದುರಿನವರು ಒಪ್ಪೋವರೆಗೂ ಬೀಗ ತೆಗೆಯಲ್ಲ."

ತಾಯಿ ಇದನ್ನ ಕೇಳಿ ಗುಂಡಿ ಡಬ್ಬಿನೇ ಬೀಳಿಸಿದಳು. "ಅವನು ನಿನ್ನ ಥರ ಬೈಬೇಕು, ನೀನು ಅವನ ಥರ ಬೈಬೇಕು. ಇದೊಂದು ಚೆನ್ನಾಗಿದೆ. ನಿಮ್ಮಪ್ಪ ಇದ್ದಾಗ ಈ ಪದ್ಧತಿ ಗೊತ್ತಿದ್ದಿದ್ರೆ ನಾನು ಎಷ್ಟೋ ಗೆದ್ದಿರ್ತಿದ್ದೆ."

ದರ್ಜಿಯಮ್ಮ ಸಿಟ್ಟಿನಲ್ಲೇ ಮೊದಲ ಸಲ ಬರೆದಳು: "ನಾನು ಅಳತೆಕೋಲು. ಬೋರ್ಡಿನಲ್ಲಿ ಬರೆದಿದ್ದರೆ ಬೆಕ್ಕನ್ನೂ ಒಂಟೆ ಅಂತ ಕರೀತೀನಿ. ಅಜ್ಜಿಯರನ್ನ ಕಂಡರೆ ನನಗೆ ಆಗಲ್ಲ."

ಅವನು ಸಿಟ್ಟಾಗಲಿಲ್ಲ. "ಇದು ನನ್ನ ಮನಸ್ಸಲ್ಲಿದ್ದದ್ದಲ್ಲ. ಇನ್ನೊಂದು ಸಲ ಬರೀರಿ" ಅಂದ.

ಅವನು ಇವಳ ಪರ ಬರೆದದ್ದಂತೂ ಬರೀ ಒಣಕಲು: "ಸೂಜಿಮೊನೆಯವರ ಅಜ್ಜಿ ಪ್ರಸಿದ್ಧರು. ಆದ್ದರಿಂದ ಮೆಟ್ಟಿಲಿಗೆ ಅವರ ಹೆಸರು ಇರಬೇಕು."

"ಅಲ್ಲ" ಅಂತ ಇವಳು ಬರೆದಳು. "ನನ್ನಜ್ಜಿ ಪ್ರಸಿದ್ಧಳಲ್ಲ. ಅವಳ ನಿಜವಾದ ಹೆಸರೇ ಊರಲ್ಲಿ ಯಾರಿಗೂ ಗೊತ್ತಿಲ್ಲ. ಮೆಟ್ಟಿಲಿಗೆ ಆ ಹೆಸರು ಇಟ್ಟಿದ್ದು ಹತ್ತಿದವರು, ನಾವಲ್ಲ. ಹೋಗಿ ಹತ್ತಿ ನೋಡಿ." ಬರೆದ ಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ನಿಮ್ಮ ಪರ ಸರಿಯಾಗಿ ಬರೀಬೇಕಾದರೆ ನನಗೆ ಒಂದು ಗೊತ್ತಾಗಬೇಕು. ನಿಮಗೆ ಯಾಕೆ ಈ ಮೆಟ್ಟಿಲಿನ ಉಸಾಬರಿ?"

ಉತ್ತರ ಬಂದಾಗ ಅವಳು ಗಿರಾಕಿಯೊಬ್ಬಳ ಸೊಂಟದ ಅಳತೆ ತಗೊಳ್ತಿದ್ದಳು. ಓದುತ್ತಾ ಓದುತ್ತಾ ಟೇಪು ಕೈಯಿಂದ ಜಾರಿತು.

"ನಾನು ನಿಮ್ಮ ಊರಿನವನೇ" ಅಂತ ಅವನು ಬರೆದಿದ್ದ. "ಆಂಬುಲೆನ್ಸ್ ಬೇಕು ಅಂತ ಜನ ಫೋನ್ ಮಾಡಿದರೆ ಎತ್ತೋದು ನನ್ನ ಕೆಲಸ. ಎಲ್ಲಿದ್ದೀರಿ ಅಂತ ಕೇಳ್ತೀನಿ, ಗಾಡಿ ಕಳಿಸ್ತೀನಿ. ಒಂದು ಸಲ ಒಬ್ಬ ಹೆಂಗಸು ಅಜ್ಜಿ ಮೆಟ್ಟಿಲು ಅಂದರು. ಹೊಳೆಯಾಚೆ ಬಟ್ಟೆ ಒಗೆಯೋ ಕಡೆ ಇನ್ನೊಂದು ಅಜ್ಜಿ ಮೆಟ್ಟಿಲಿದೆ, ನಿಮಗೂ ಗೊತ್ತಿರಬಹುದು. ನಾನು ಗಾಡಿ ಅಲ್ಲಿಗೆ ಕಳಿಸಿದೆ. ಅವರ ಗಂಡ ಎದೆ ಹಿಡಿದುಕೊಂಡು ಬಿದ್ದಿದ್ದು ನಿಮ್ಮ ಅಂಗಡಿ ಎದುರಿನ ಮೆಟ್ಟಿಲಲ್ಲಿ. ಬದುಕಿಕೊಂಡರು. ಆದರೆ ಗಾಡಿ ಹೊಳೆ ಸುತ್ತಿ ಬರೋವರೆಗೂ ಆಕೆ ಫೋನ್ ಇಡಲಿಲ್ಲ. ಬಂತಾ, ಬಂತಾ ಅಂತ ಕೇಳ್ತಾನೇ ಇದ್ದರು. ಅವತ್ತಿನಿಂದ ನನಗೆ ಒಂದು ಜಾಗಕ್ಕೆ ಒಂದೇ ಹೆಸರು ಬೇಕು. ಮೆಟ್ಟಿಲಿಗೂ ಅಷ್ಟೇ, ಗಲ್ಲಿಗೂ ಅಷ್ಟೇ."

ಗಿರಾಕಿ "ಏನಮ್ಮಾ, ಸೊಂಟ ಅಷ್ಟೊಂದು ದಪ್ಪ ಆಗಿದೆಯಾ?" ಅಂತ ಗಾಬರಿಯಿಂದ ಕೇಳಿದಳು.

ದರ್ಜಿಯಮ್ಮ ಸಂಜೆವರೆಗೂ ಮಿಷನ್ ತುಳಿಯಲಿಲ್ಲ. ಅದು ಎಂಥ ವಿಚಿತ್ರ ಅಂದರೆ, ಪಕ್ಕದ ಚಪ್ಪಲಿ ಅಂಗಡಿಯವನು ಬಂದು ಮಿಷನ್ ಕೆಟ್ಟಿದೆಯಾ ಅಂತ ವಿಚಾರಿಸಿದ. ಆಮೇಲೆ ಅವಳು ಅಳತೆಕೋಲಿನ ಪರ ಬರೆದಳು. ಈ ಸಲ ಕುಹಕ ಇಲ್ಲ. ಹೆಸರು ಅನ್ನೋದು ಮೊದಲು ದಾರಿ ತೋರಿಸಬೇಕು, ನೆನಪು ಆಮೇಲೆ. ಉಸಿರು ಸಿಕ್ಕಿಹಾಕಿಕೊಂಡವನಿಗೆ ಎರಡು ಹೆಸರಿನ ನಡುವೆ ಆರಿಸೋ ಪುರುಸೊತ್ತಿಲ್ಲ. ಬೋರ್ಡಿನ ಮೇಲೆ ಒಂದು, ಪುಸ್ತಕದಲ್ಲಿ ಒಂದು, ಬಾಯಲ್ಲಿ ಒಂದು ಇದ್ದರೆ ಬರಬೇಕಾದವನು ಬರೋದು ತಡ ಆಗುತ್ತೆ. ಹಾಗೆ ಬರೆದಳು.

"ಹೌದು, ಇದೇ ನನ್ನ ಮನಸ್ಸಲ್ಲಿದ್ದದ್ದು" ಅಂತ ಅವನು ಒಪ್ಪಿದ. "ನನಗಿಂತ ಚೆನ್ನಾಗಿ ಹೇಳಿದಿರಿ."

ತೊಂದರೆ ಏನಪ್ಪಾ ಅಂದರೆ, ಅವಳು ಎಷ್ಟು ಚೆನ್ನಾಗಿ ಬರೆದಳು ಅಂದರೆ ಅವಳೇ ನಂಬಿಬಿಟ್ಟಳು.

ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುತ್ತಾ ತಾಯಿಗೆ ಹೇಳಿದಳು. "ಅಮ್ಮಾ, ನಾನು ಸೋಲು ಒಪ್ಕೊಳ್ತೀನಿ. ಬೋರ್ಡಿನ ಹೆಸರೇ ಇರ್ಲಿ."

ಮುದುಕಿ ಸೂಜಿಗೆ ದಾರ ಪೋಣಿಸ್ತಿದ್ದವಳು ನಿಲ್ಲಿಸಿದಳು. "ನಿನ್ನಜ್ಜಿದು ಅಂತ ಇರೋದು ಅದೊಂದೇ ಕಣೇ."

"ಗೊತ್ತು."

"ನಾನು ಹೋದ್ಮೇಲೆ ಅವಳ ವಿಷಯ ಹೇಳೋರು ಯಾರು?"

"ನಾನಿದ್ದೀನಲ್ಲ."

"ನೀನು ಹೋದ್ಮೇಲೆ?"

ದರ್ಜಿಯಮ್ಮ ಮುಖ ಹೊರಗೆ ತಿರುಗಿಸಿದಳು. ಬಾಗಿಲಾಚೆ ಒಬ್ಬ ಗರ್ಭಿಣಿ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ನಿಂತು ಉಸಿರು ತಗೊಂಡು ಮತ್ತೆ ಹತ್ತುತ್ತಿದ್ದಳು.

"ಅಮ್ಮಾ, ಆ ಹುಡುಗಿ ಅಲ್ಲಿ ಬಿದ್ದು, ಗಾಡಿ ಹೊಳೆಯಾಚೆ ಹೋಯ್ತು ಅಂದ್ಕೋ. ಅಜ್ಜಿ ಇದ್ದಿದ್ರೆ ಏನನ್ನೋಳು?"

ತಾಯಿ ದಾರ ಒದ್ದೆ ಮಾಡಿಕೊಂಡು ಸೂಜಿ ಕಣ್ಣು ಹುಡುಕಿದಳು. "ಬೈಯೋಳು."

"ಯಾರನ್ನ?"

"ನಿನ್ನ, ಅವನ್ನ, ನಗರಸಭೆನ, ಬಿದ್ದೋಳನ್ನ. ಎಲ್ಲರಿಗೂ ಹಂಚೋಳು." ದಾರ ಕೊನೆಗೂ ಸೂಜಿಯೊಳಗೆ ಹೋಯ್ತು. "ಬರ್ಕೋ ಹೋಗು. ನಮ್ಮಮ್ಮನ ಹೆಸರಲ್ಲಿ ಯಾರಿಗೂ ತೊಂದರೆ ಆಗೋದು ಬೇಡ."

ದರ್ಜಿಯಮ್ಮ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು ಫೋನು ತೆಗೆದಳು. ಸೋಲು ಬರೆಯೋಕೆ ಅಂತ ಚರ್ಚೆ ಪುಟ ತೆರೆದರೆ, ಅಲ್ಲಿ ಅಳತೆಕೋಲು ಆಗಲೇ ಒಂದು ಮಾರುದ್ದ ಬರೆದು ಇಟ್ಟಿದ್ದಾನೆ. ಇವಳ ಪರ.

"ನಿನ್ನೆ ನನಗೆ ರಜೆ. ಸೂಜಿಮೊನೆಯವರು ಹೇಳಿದ ಹಾಗೆ ಹೋಗಿ ಹತ್ತಿದೆ. ನಡುವೆ ಕೂತುಬಿಟ್ಟೆ, ಮೊಣಕಾಲು ಕೈ ಕೊಟ್ಟಿತು. ಹೋಗಿ ಬರೋರನ್ನೆಲ್ಲ ಇದರ ಹೆಸರೇನು ಅಂತ ಕೇಳಿದೆ. ಮೇಲಿನ ತುದಿಯಲ್ಲಿ ಒಬ್ಬ ಅಂತೂ ಬೋರ್ಡಿಗೆ ಒರಗಿಕೊಂಡೇ ಗೊಣಗಜ್ಜಿ ಮೆಟ್ಟಿಲು ಅಂದ. ಇಲ್ಲಿ ಬಿದ್ದರೆ ಫೋನಿನಲ್ಲಿ ಏನಂತ ಹೇಳ್ತೀರಿ ಅಂತ ಕೇಳಿದೆ. ಅದೇ ಹೆಸರು. ಬೋರ್ಡಿನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ಕೇಳಿದ್ದು ಪುರಾವೆ ಆಗಲ್ಲ, ನಿಯಮ ಗೊತ್ತಿದೆ. ಅದಕ್ಕೆ ಗ್ರಂಥಾಲಯಕ್ಕೆ ಹೋದೆ. ಪತ್ರಿಕೆಯವರು ಅಲ್ಲಿ ಯಾರು ಜಾರಿ ಬಿದ್ದ ಸುದ್ದಿ ಬರೆದರೂ ಗೊಣಗಜ್ಜಿ ಮೆಟ್ಟಿಲು ಅಂತಲೇ ಬರೆದಿದ್ದಾರೆ. ಬಸ್ ಕಂಪನಿ ಅಚ್ಚು ಹಾಕಿಸಿರೋ ವೇಳಾಪಟ್ಟಿಯಲ್ಲಿ ಕೆಳಗಿನ ಸ್ಟಾಪಿನ ಹೆಸರು ಅದೇ. ಉಸಿರು ಕಟ್ಟಿದಾಗ ಬಾಯಿಗೆ ಬರೋದು ಹಳೇ ಹೆಸರು. ಜನ ಹೇಳದ ಹೆಸರನ್ನ ನಾನು ಎಷ್ಟು ನೆಟ್ಟಗೆ ಬರೆದಿಟ್ಟರೂ ಗಾಡಿ ದಾರಿ ತಪ್ಪುತ್ತೆ. ತಪ್ಪು ನನ್ನದು. ಗೊಣಗಜ್ಜಿ ಮೆಟ್ಟಿಲು ಅನ್ನೋದೇ ತಲೆಬರಹ ಆಗಬೇಕು."

ದರ್ಜಿಯಮ್ಮ ಎರಡು ಸಲ ಓದಿದಳು. ಪತ್ರಿಕೆ, ಬಸ್ಸಿನ ವೇಳಾಪಟ್ಟಿ. ಬಸ್ ಸ್ಟಾಪು ಅವಳ ಅಂಗಡಿಯಿಂದ ಒಂದು ಉಗುಳಿನ ದೂರ. ದಿನಾ ಕಂಡಕ್ಟರ್ ಕೂಗೋದು ಕೇಳ್ತಿದ್ದಳು. ನಮ್ಮಜ್ಜಿ ಅನ್ನೋದೊಂದೇ ಸಾಕು ಅಂದುಕೊಂಡು ಕಣ್ಣೆದುರಿನ ಪುರಾವೆ ಬಿಟ್ಟು ಕೂತಿದ್ದಳು.

ಆಯ್ತಲ್ಲ, ಇಲ್ಲಿಗೆ ಜಗಳ ಮುಗೀಬೇಕು ತಾನೇ? ಮುಗೀಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜನ ಲೋಕದಲ್ಲಿ ತುಂಬಿದ್ದಾರೆ. ಇವರಿಬ್ಬರೂ ಮೊಲಗಳನ್ನೇ ಅದಲು ಬದಲು ಮಾಡಿಕೊಂಡು, ಈಗ ಎದುರಿನವರ ಮೊಲಕ್ಕೆ ಮೂರು ಕಾಲು ಅಂತ ಶುರು ಹಚ್ಚಿಕೊಂಡರು.

"ಹೌದು, ಇದೇ ನನ್ನ ಮನಸ್ಸಲ್ಲಿದ್ದದ್ದು. ಆದರೆ ಕ್ಷಮಿಸಿ ಅಳತೆಕೋಲಣ್ಣ" ಅಂತ ಇವಳು ಬರೆದಳು. "ಬೋರ್ಡಿನ ಹೆಸರೇ ಇರಬೇಕು. ಹೊಳೆಯಾಚೆ ಇನ್ನೊಂದು ಅಜ್ಜಿ ಇರೋವಾಗ ನಮ್ಮಜ್ಜಿನ ತಲೆ ಮೇಲೆ ಕೂರಿಸೋದು ಅಪಾಯ."

"ಇಲ್ಲಮ್ಮ, ಅದು ನಾನು ಮೊದಲು ಹಾಕಿದ ತಪ್ಪು ಲೆಕ್ಕ. ಅಜ್ಜಿ ಹೆಸರೇ ಸರಿ."

"ನೀವೇ ಹೇಳಿದ್ದು ಒಂದೇ ಹೆಸರು ಅಂತ."

"ನೀವೇ ಹೇಳಿದ್ದು ಹೋಗಿ ಹತ್ತಿ ನೋಡಿ ಅಂತ."

ಚರ್ಚೆ ಪುಟಕ್ಕೆ ಜನ ಬಂದು ಬಂದು ನೋಡಿ ಹೋದರು. ಸೀರೆ ಅಂಗಡಿಯ ರಿಯಾಯ್ತಿಗೂ ಅಷ್ಟು ನೂಕುನುಗ್ಗಲು ಇರಲ್ಲ. ಹಕ್ಕಿಗಳ ಬಗ್ಗೆ ಬರೆಯೋನೊಬ್ಬ, "ನೀವು ಹೊಸ ಜಗಳ ಆಡ್ತಿದ್ದೀರೋ, ಹಳೇದನ್ನ ಹಿಂದಿನಿಂದ ಆಡ್ತಿದ್ದೀರೋ?" ಅಂತ ಕೇಳಿದ.

ತಾಯಿ ಗುಂಡಿ ಹಚ್ಚೋದು ಬಿಟ್ಟು, ಮಗಳ ಭುಜದ ಮೇಲಿಂದ ಬಗ್ಗಿ, "ಈಗ ಯಾರು ಯಾರ ಕಡೆ?" ಅಂತ ಗಳಿಗೆಗೊಂದು ಸಲ ಕೇಳೋಳು.

"ನಾನು ಅವನ ಕಡೆ, ಅವನು ನಮ್ಮ ಕಡೆ."

"ಹಾಗಾದ್ರೆ ಗೆಲ್ಬೇಕಾದೋರು ಯಾರು?"

"ಅವನು ಗೆದ್ರೆ ಅಜ್ಜಿ ಉಳೀತಾಳೆ."

"ಹಾಗಾದ್ರೆ ನೀನು ಸ್ವಲ್ಪ ಮೆತ್ತಗೆ ಜಗಳ ಆಡೇ."

"ಅದು ಹಾಗೆ ಬರಲ್ಲಮ್ಮ" ಅಂದಳು ದರ್ಜಿಯಮ್ಮ. ಬೇಕು ಅಂತ ಕೆಟ್ಟದಾಗಿ ಹೊಲಿದು ಕೊಡೋಕೆ ಅವಳಿಗೆ ಬಟ್ಟೆಯಲ್ಲೂ ಬರ್ತಿರಲಿಲ್ಲ.

ಕೊನೆಗೆ ತಕ್ಕಡಿಯವರು ತೀರ್ಮಾನ ಬರೆದರು. ಅಂಗಡಿಯಲ್ಲಿ ಆಗ ಇಬ್ಬರು ಗಿರಾಕಿ. ದರ್ಜಿಯಮ್ಮ ಅವರನ್ನ ನಿಲ್ಲಿಸಿ, ಮಿಷನ್ ಚಕ್ರಕ್ಕೆ ಕೈ ಒತ್ತಿ, ತಾಯಿಗೆ ಕೇಳೋ ಹಾಗೆ ಓದಿದಳು.

"ಎದುರಾಳಿಯನ್ನ ಗೆಲ್ಲಿಸೋಕೆ ಇಷ್ಟು ಹಟ ಮಾಡಿದವರನ್ನ ನಾನು ನೋಡಿರಲಿಲ್ಲ. ಈಗ ತೂಕ ಹೇಳ್ತೀನಿ. ಜನ ಹೇಳೋ ಹೆಸರು ಪತ್ರಿಕೆಯಲ್ಲಿದೆ, ವೇಳಾಪಟ್ಟಿಯಲ್ಲಿದೆ. ಅದನ್ನ ಹುಡುಕಿ ತಂದವರು ಅಜ್ಜಿಗೆ ನೆಂಟರಲ್ಲ. ಆದ್ದರಿಂದ ತಲೆಬರಹ ಗೊಣಗಜ್ಜಿ ಮೆಟ್ಟಿಲು. ಆದರೆ ಸೂಜಿಮೊನೆಯವರ ಭಯಾನೂ ತೂಕದ್ದೇ. ಅದಕ್ಕೆ ಬೋರ್ಡಿನ ಹೆಸರು ಮೊದಲ ಸಾಲಿನಲ್ಲೇ ಇರಲಿ. ಯಾರು ಆ ಹೆಸರು ಹಾಕಿ ಹುಡುಕಿದರೂ ಇದೇ ಪುಟಕ್ಕೆ ಬರಲಿ. ಬರೀ ಅಜ್ಜಿ ಮೆಟ್ಟಿಲು ಅಂತ ಹುಡುಕಿದರೆ, ಆಸ್ಪತ್ರೆ ಕಡೆಯದಾ, ಹೊಳೆಯಾಚೆಯದಾ ಅಂತ ಕೇಳೋ ಒಂದು ಚಿಕ್ಕ ಪುಟ ಬರಲಿ. ಆ ಪುಟ ನೀವಿಬ್ಬರೂ ಸೇರಿ ಬರೀಬೇಕು. ಬೀಗ ತೆಗೆದಿದ್ದೀನಿ."

ತಾಯಿ ಗುಂಡಿ ಡಬ್ಬಿ ಪಕ್ಕಕ್ಕಿಟ್ಟಳು. ಸೆರಗು ಸರಿ ಮಾಡಿಕೊಂಡು ಎದ್ದು, ಬಾಗಿಲಿಗೆ ಹೋಗಿ, ಮೆಟ್ಟಿಲನ್ನ ಕೆಳಗಿಂದ ಮೇಲೆವರೆಗೆ, ಮೇಲಿಂದ ಕೆಳವರೆಗೆ, ಮದುವೆಗೆ ಹೆಣ್ಣು ನೋಡಿದ ಹಾಗೆ ನೋಡಿದಳು. ಆಮೇಲೆ ವಾಪಸ್ ಬಂದು ಕೂತು, "ಆ ಕೋಲಣ್ಣನಿಗೆ ಮದುವೆ ಆಗಿದೆಯಾ ಅಂತ ಕೇಳು" ಅಂದಳು.

"ಯಾಕಮ್ಮ?"

"ಆಗಿದ್ರೆ ಅವನ ಹೆಂಡ್ತಿ ಪುಣ್ಯವಂತೆ. ತಪ್ಪು ನನ್ನದು ಅಂತ ಬರ್ಕೊಟ್ಟಿದ್ದಾನೆ."

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಬಿದಿರು ಗಳುವಿನ ಹಾಗೆ ಉದ್ದಕ್ಕೆ ಇದ್ದ ಗಂಡಸೊಬ್ಬ ಅಂಗಡಿ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಕೈಯಲ್ಲಿ ಒಂದು ಪ್ಯಾಂಟು, ಮೊಣಕಾಲಲ್ಲಿ ಹರಿದಿತ್ತು.

"ಇದಕ್ಕೆ ಒಂದು ತೇಪೆ ಹಾಕಿಕೊಡ್ತೀರಾ ಅಮ್ಮ? ಮೆಟ್ಟಿಲ ಮೇಲೆ ಎಡವಿದೆ. ನಿಮ್ಮ ಮಾತು ಕೇಳಿ ಹತ್ತಿದಾಗ."

ದರ್ಜಿಯಮ್ಮ ಬಾಯಲ್ಲಿದ್ದ ಪಿನ್ನು ತೆಗೆದಳು. ದನಿ ಇಲ್ಲದೆ ಅಷ್ಟೊಂದು ಜಗಳ ಆಡಿದ್ದವನ ದನಿ ಇಷ್ಟು ಮೆತ್ತಗಿರುತ್ತೆ ಅಂತ ಅವಳು ಅಂದುಕೊಂಡಿರಲಿಲ್ಲ. "ಬೀಳೋದೂ ಪುರಾವೆ ಆಗಲ್ಲ ಅಣ್ಣ" ಅಂದಳು. "ಕೂತ್ಕೊಳ್ಳಿ."

ಅವನು ಕೂತ. ಕೂತ ಮೇಲೂ ನಿಂತವರಷ್ಟೇ ಎತ್ತರ. "ನಮ್ಮ ಆಫೀಸಿನಲ್ಲಿ ಹೇಳಿದೆ" ಅಂದ. "ಈಗ ನಮ್ಮ ಪರದೆ ಮೇಲೆ ಎರಡೂ ಹೆಸರು ಬರುತ್ತೆ. ಬರೀ ಅಜ್ಜಿ ಮೆಟ್ಟಿಲು ಅಂದರೆ, ಯಾವ ಅಜ್ಜಿ ಅಂತ ಮೊದಲು ಕೇಳ್ತೀವಿ. ಮೊನ್ನೆ ಒಂದು ಫೋನ್ ಬಂತು. ಹೆರಿಗೆ ನೋವು, ಮೆಟ್ಟಿಲ ನಡುವೆ. ಗೊಣಗಜ್ಜಿ ಕಟ್ಟೆ ಮೇಲೆ ಕೂತಿದ್ದೀವಿ ಅಂದರು. ಗಾಡಿ ನೆಟ್ಟಗೆ ಬಂತು."

"ಮಗು?"

"ಹೆಣ್ಣು. ಆಸ್ಪತ್ರೆ ಬಾಗಿಲಲ್ಲೇ ಹುಟ್ಟಿತಂತೆ. ಹುಟ್ಟುತ್ತಲೇ ಏನು ಗಲಾಟೆ ಅಂತ ನಮ್ಮ ಡ್ರೈವರ್ ಇನ್ನೂ ಹೇಳ್ತಿದ್ದಾನೆ."

ಮೂಲೆಯಿಂದ ತಾಯಿ ಎದ್ದು ಬಂದಳು, ಕೈಯಲ್ಲಿ ನೀರಿನ ಲೋಟ. ಅವನು ತಗೊಂಡು ಗಟಗಟ ಕುಡಿಯೋಕೆ ಹೋದ.

"ನಿಧಾನಕ್ಕೆ ಕುಡಿಯಪ್ಪ" ಅಂತ ಗದರಿದಳು ಮುದುಕಿ. "ನೀರೇನು ಓಡಿ ಹೋಗುತ್ತಾ? ಅಂಗಿ ಮೇಲೆ ಚೆಲ್ಕೋಬೇಡ."

ಅವನು ಲೋಟ ಕೆಳಗಿಳಿಸಿ ದರ್ಜಿಯಮ್ಮನ ಮುಖ ನೋಡಿದ. "ಪುಟದಲ್ಲಿ ಅಜ್ಜಿ ನೀರು ಕೊಡ್ತಿದ್ದರು ಅಂತ ಮಾತ್ರ ಇದೆ" ಅಂದ. "ಬೈದು ಕೊಡ್ತಿದ್ದರು ಅಂತ ಸೇರಿಸಬಹುದಲ್ವಾ?"

"ಅಚ್ಚಾಗಿರೋದು ಏನಾದ್ರೂ ಇದೆಯಾ?" ಅಂದಳು ದರ್ಜಿಯಮ್ಮ, ಪ್ಯಾಂಟಿನ ಕಾಲು ಬಿಚ್ಚುತ್ತಾ.

"ಹುಡುಕ್ತೀನಿ."

"ಹುಡುಕಿ. ಅಲ್ಲಿವರೆಗೂ ನಾನು ಒಪ್ಪಲ್ಲ."

"ಶುರುವಾಯ್ತಾ?" ಅಂದಳು ತಾಯಿ, ಮಣೆ ಸರಿಯಾಗಿ ಎಳೆದುಕೊಂಡು ಇಬ್ಬರೂ ಕಾಣೋ ಹಾಗೆ ಕೂರುತ್ತಾ. "ಈ ಸಲ ಯಾರು ಯಾರ ಕಡೆ ಅಂತ ಮೊದ್ಲೇ ಹೇಳ್ಬಿಡಿ."